ಕೋಮೊ ಸರೋವರದ ದಡದಲ್ಲಿ ರೇಷ್ಮೆ ಮಾತು

ಮಕ್ಕಳೇ, ಈ ವಾರದ ಅಂಕಣ ಓದುವ ಮುಂಚೆ ಅಟ್ಲಾಸ್ ತೆಗೆದುಕೊಂಡು ಬಂದು ಅಜ್ಜ ಅಜ್ಜಿಯ ಪಕ್ಕ ಕೂತುಕೊಳ್ಳಿ. ಯೂರೋಪಿನ ಪುಟದಲ್ಲಿ ಇಟಲಿಯನ್ನು ಹುಡುಕುವುದು ಬಹಳ ಸುಲಭ. ಮೊಣಕಾಲುದ್ದದ ಬೂಟಿನ ಹಾಗೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ದೇಶ ಅದು. ಬೂಟಿನ ಮೇಲ್ಭಾಗದಲ್ಲಿ ಮಿಲಾನ್ ಎಂಬ ದೊಡ್ಡ ಊರಿದೆ. ಅಲ್ಲಿಂದ ಬೆರಳನ್ನು ಆಲ್ಪ್ಸ್ ಪರ್ವತಗಳ ಕಡೆಗೆ ಒಂದಿಷ್ಟು ಸರಿಸಿದರೆ, ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಒಂದು ನೀಲಿ ಗುರುತು ಸಿಗುತ್ತದೆ. ಅದೇ ಕೋಮೊ ಸರೋವರ. ಮೇ ತಿಂಗಳ ಕೊನೆಯಲ್ಲಿ ನಾನು, ನಮ್ಮ ಮನೆಯವರು, ಮಗಳು ಮತ್ತು ಮೊಮ್ಮಗ ಮೂರು ದಿನ ಅಲ್ಲಿದ್ದು ಬಂದೆವು.

ಮೊದಲು ಸರೋವರದ ಲೆಕ್ಕ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಅಂಕಿ ಹೇಳದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ಉದ್ದ ಸುಮಾರು 46 ಕಿಲೋಮೀಟರ್. ಆಳ 400 ಮೀಟರಿಗೂ ಹೆಚ್ಚು. ನಮ್ಮ ಕನ್ನಂಬಾಡಿ ಕಟ್ಟೆ ಭರ್ತಿಯಾದಾಗ ನೀರಿನ ಮಟ್ಟ 124.80 ಅಡಿ ಅಲ್ಲವೇ? ಅಷ್ಟೆತ್ತರದ ಹತ್ತು ಕಟ್ಟೆಗಳನ್ನು ಒಂದರ ಮೇಲೊಂದು ನಿಲ್ಲಿಸಿ ಕೋಮೊದ ನಡುಮಧ್ಯಕ್ಕೆ ಇಳಿಸಿದರೂ ತುದಿ ನೀರಿನಿಂದ ಹೊರಗೆ ಕಾಣುವುದಿಲ್ಲ. ಸರೋವರದ ಮೇಲ್ಮೈ ಸಮುದ್ರಮಟ್ಟಕ್ಕಿಂತ ಸುಮಾರು 198 ಮೀಟರ್ ಮೇಲಿದೆ. ಹಾಗಾದರೆ ಅದರ ತಳ ಸಮುದ್ರಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ? ನೀವೇ ಕಳೆದು ನೋಡಿ.

ಇಷ್ಟು ಆಳದ ಹಳ್ಳ ತೋಡಿದ್ದು ಹಿಮ. ಸಾವಿರಾರು ವರ್ಷಗಳ ಹಿಂದಿನ ಹಿಮಯುಗದಲ್ಲಿ ಆಲ್ಪ್ಸ್ ಮೇಲಿಂದ ಹಿಮನದಿಗಳು ನೇಗಿಲಿನ ಹಾಗೆ ನೆಲವನ್ನು ಉತ್ತುಕೊಂಡು ಇಳಿದವು. ನಡುವೆ ಗಟ್ಟಿ ಬೆಟ್ಟ ಅಡ್ಡ ಬಂದಲ್ಲಿ ಹಿಮ ಎರಡು ಕವಲಾಯಿತು. ಹಿಮ ಕರಗಿದ ಮೇಲೆ ಆ ಹಳ್ಳ ನೀರು ತುಂಬಿಕೊಂಡಿತು. ಅದ್ದಾ ಎಂಬ ನದಿ ಮೇಲಿನ ತುದಿಯಲ್ಲಿ ಒಳಗೆ ಬಂದು, ಬಲಗಾಲಿನ ತುದಿಯಲ್ಲಿರುವ ಲೆಕ್ಕೊ ಊರಿನಲ್ಲಿ ಹೊರಗೆ ಹೋಗುತ್ತದೆ. ಎಡಗಾಲಿನ ತುದಿಯಲ್ಲಿ ಕೋಮೊ ಊರಿದೆ. ಅಲ್ಲಿ ನೀರಿಗೆ ಹೊರದಾರಿಯೇ ಇಲ್ಲ. ಹಾಗಾಗಿ ಜೋರು ಮಳೆಗಾಲದಲ್ಲಿ ಆ ಊರಿನ ದೊಡ್ಡ ಚೌಕಕ್ಕೇ ಸರೋವರ ನುಗ್ಗುವುದುಂಟು.

ಇನ್ನು ನಮ್ಮ ಸಂಗತಿ. ಮಗಳ ಕೆಲಸ ಮಿಲಾನ್‌ನಲ್ಲಿ. ಮೊಮ್ಮಗನಿಗೆ ಒಂಬತ್ತು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಇಟಾಲಿಯನ್ನಿನಲ್ಲಿ ಬರುತ್ತದೆ, ಇಲ್ಲವೇ ತಲೆ ಆಡಿಸುತ್ತಾನೆ. ಫೋನಿನಲ್ಲಿ ‘ಊಟ ಆಯ್ತಾ?’ ‘ಆಯ್ತು’, ‘ಸ್ಕೂಲ್ ಹೇಗಿದೆ?’ ‘ಚೆನ್ನಾಗಿದೆ’, ಇಷ್ಟಕ್ಕೆ ಮಾತು ಮುಗಿಯುತ್ತಿತ್ತು. ಅಮೇರಿಕಾ, ದುಬೈ, ದೂರವೇಕೆ ಪುಣೆಯಲ್ಲಿ ಮೊಮ್ಮಕ್ಕಳಿರುವ ನನ್ನ ವಾರಿಗೆಯವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಾಕೆ ರಾತ್ರಿ ಹೊತ್ತು ಕೇಳುತ್ತಿದ್ದಳು: ‘ರೀ, ಇವನು ದೊಡ್ಡವನಾದ ಮೇಲೆ ನಮ್ಮ ಹತ್ತಿರ ಏನು ಮಾತಾಡ್ತಾನೆ?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಜೂನ್ 2 ಇಟಲಿಯ ಗಣರಾಜ್ಯ ದಿನ. ಅದರ ಆಸುಪಾಸಿನ ರಜೆಯಲ್ಲಿ ಮಗಳು ಸರೋವರಕ್ಕೆ ಹೊರಡಿಸಿದಳು.

ಮಿಲಾನ್‌ನಿಂದ ಕೋಮೊಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು. ಈ ಸೀಮೆಗೆ ಲೊಂಬಾರ್ದಿಯಾ ಎಂದು ಹೆಸರು. ಬಿ.ಕಾಂ. ಓದಿದ ನನಗೆ ಈ ಹೆಸರಿನ ಮೇಲೆ ಸ್ವಲ್ಪ ಭಕ್ತಿ. ಲಂಡನ್ನಿನ ಬ್ಯಾಂಕುಗಳ ಬೀದಿಗೆ ಲೊಂಬಾರ್ಡ್ ಸ್ಟ್ರೀಟ್ ಎಂಬ ಹೆಸರು ಬಂದದ್ದು ಇಲ್ಲಿಂದ ಹೋದ ಲೇವಾದೇವಿಗಾರರಿಂದ. ‘ಬ್ಯಾಂಕ್’ ಎಂಬ ಮಾತಿನ ಮೂಲವೂ ಇಟಲಿಯ ‘ಬಾಂಕೊ’, ಅಂದರೆ ಹಣ ಎಣಿಸುವ ಬೆಂಚು. ಒಂದು ಕಡೆ ಜಮಾ, ಒಂದು ಕಡೆ ಖರ್ಚು ಎಂದು ಎರಡೆರಡು ಸಲ ಬರೆಯುವ ಲೆಕ್ಕದ ಪದ್ಧತಿಯನ್ನು ಮೊದಲು ಪುಸ್ತಕದಲ್ಲಿ ಅಚ್ಚು ಹಾಕಿಸಿ ವಿವರಿಸಿದವರು ಲೂಕಾ ಪಚೋಲಿ ಎಂಬ ಇಟಲಿಯ ಸನ್ಯಾಸಿ, 1494ರಲ್ಲಿ. ಜೀವನವಿಡೀ ಲೆಡ್ಜರ್ ಬರೆದವನಿಗೆ ಇದು ಗುರುಮನೆಗೆ ಹೋದ ಹಾಗೆ.

ಕೋಮೊದಲ್ಲಿ ಮೊದಲು ಕಂಡದ್ದು ಅಲೆಸ್ಸಾಂದ್ರೊ ವೋಲ್ಟಾ ಅವರ ಸ್ಮಾರಕ. ಬಲ್ಬಿನ ಮೇಲೆ ‘220 ವೋಲ್ಟ್’ ಎಂದು ಬರೆದಿರುತ್ತದಲ್ಲ, ಆ ವೋಲ್ಟ್ ಇವರ ಹೆಸರೇ. 1745ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಸತುವಿನ ಬಿಲ್ಲೆ, ಬೆಳ್ಳಿ ಅಥವಾ ತಾಮ್ರದ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ, ಹೀಗೆ ಒಂದರ ಮೇಲೊಂದು ಪೇರಿಸಿ, ಒಂದೇ ಸಮನೆ ವಿದ್ಯುತ್ ಹರಿಸುವ ಮೊದಲ ಬ್ಯಾಟರಿ ಮಾಡಿದರು. ಅದನ್ನು 1800ರಲ್ಲಿ ಲೋಕಕ್ಕೆ ತಿಳಿಸಿದರು. ಯೂರೊ ಬರುವ ಮೊದಲು ಇಟಲಿಯ ಹಣ ಲೀರಾ. ಹತ್ತು ಸಾವಿರ ಲೀರಾ ನೋಟಿನ ಮೇಲೆ ವೋಲ್ಟಾ ಅವರ ಮುಖ, ಹಿಂದೆ ಇದೇ ಸ್ಮಾರಕದ ಚಿತ್ರ. ಹತ್ತು ಸಾವಿರ ಎಂದು ಬಾಯಿ ಬಿಡಬೇಡಿ. ಒಂದು ಯೂರೊಗೆ 1936.27 ಲೀರಾ ಎಂದು ದರ ಕಟ್ಟಿದ್ದರು. ಆ ನೋಟು ಐದು ಯೂರೊ ಚಿಲ್ಲರೆಗೆ ಸಮವಾಯಿತು, ಅಷ್ಟೆ.

ಕೋಮೊಗೆ ಇನ್ನೊಂದು ಹೆಸರು ರೇಷ್ಮೆಯ ಊರು. ನನ್ನ ಕುತೂಹಲವೆಲ್ಲ ಅದರಲ್ಲೇ ಇತ್ತು. ಕಾರಣವಿದೆ. ನಾನು ಎಂಟು ವರ್ಷ ರಾಮನಗರದಲ್ಲಿ ಕ್ಯಾಷ್ ಕೌಂಟರಿನಲ್ಲಿ ಕೂತವನು. ಗೂಡಿನ ಮಾರುಕಟ್ಟೆ ಮುಗಿಸಿಕೊಂಡು ರೈತರು, ನೂಲು ಬಿಚ್ಚಾಣಿಕೆಯ ರೀಲರುಗಳು ಬರುತ್ತಿದ್ದರು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆದು ತೆಗೆದು ಆ ಬೆರಳುಗಳು ಬೆಳ್ಳಗೆ ಮುದುಡಿರುತ್ತಿದ್ದವು. ಬೆಂದ ಗೂಡಿನ ವಾಸನೆ ನೋಟಿಗೂ ಹತ್ತಿಕೊಂಡಿರುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಇದು ಯಾರ ಕಟ್ಟು ಎಂದು ಹೇಳಬಹುದಿತ್ತು. ನಮ್ಮಾಕೆಯ ತವರು ಕನಕಪುರದ ಕಡೆ. ಅವಳು ಬೆಳೆದದ್ದೇ ಹುಳದ ಮನೆಯಲ್ಲಿ.

ಕೋಮೊದಲ್ಲಿ ರೇಷ್ಮೆಯ ವಸ್ತುಸಂಗ್ರಹಾಲಯವೇ ಇದೆ. ಹುಳ ಸಾಕಣೆಯಿಂದ ಹಿಡಿದು ಹುರಿ ಹಾಕುವುದು, ನೇಯುವುದು, ಬಣ್ಣ ಕಟ್ಟುವುದು, ಅಚ್ಚು ಹಾಕುವುದರ ತನಕ ಎಲ್ಲ ಹಂತದ ಹಳೆಯ ಯಂತ್ರಗಳನ್ನೂ ಸಾಲಾಗಿ ಇಟ್ಟಿದ್ದಾರೆ. ನಮ್ಮಾಕೆ ಒಂದೊಂದರ ಮುಂದೆಯೂ ನಿಂತು ‘ಇದು ನಮ್ಮಲ್ಲೂ ಇತ್ತು, ಇದು ಇರಲಿಲ್ಲ’ ಎಂದು ಲೆಕ್ಕ ಒಪ್ಪಿಸಿದಳು.

ಇಟಲಿಯ ರೇಷ್ಮೆಗೂ ನಮ್ಮ ರೇಷ್ಮೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಹಿಪ್ಪುನೇರಳೆ ವರ್ಷವಿಡೀ ಚಿಗುರುತ್ತದೆ. ನೀರಿದ್ದರೆ ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಮರ ಬೋಳು. ಎಲೆ ಬರುವುದು ಏಪ್ರಿಲ್‌ನಲ್ಲಿ. ಹಾಗಾಗಿ ಹುಳದ ಮುಖ್ಯ ಬೆಳೆ ವರ್ಷಕ್ಕೆ ಒಂದೇ, ಏಪ್ರಿಲ್ ಕೊನೆಯಿಂದ ಜೂನ್ ತನಕ. ಆ ಕಾಲದಲ್ಲಿ ಹೆಂಗಸರು ಮೊಟ್ಟೆಯನ್ನು ಬಟ್ಟೆಯ ಸಣ್ಣ ಚೀಲದಲ್ಲಿ ಕಟ್ಟಿ ಮೈಗೆ ತಾಗಿಸಿ ಇಟ್ಟುಕೊಂಡು, ಮೈಯ ಶಾಖದಿಂದ ಮರಿ ಮಾಡಿಸುತ್ತಿದ್ದರಂತೆ. ಕೋಳಿ ಕಾವು ಕೂತ ಹಾಗೆ!

ಹುಳಕ್ಕೆ ಬರುವ ‘ಸುಣ್ಣಕಟ್ಟು’ ರೋಗ ರೈತರ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ. ಹುಳ ಸತ್ತು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿರುಸಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯಿಂದ ಆ ರೋಗ ಬರುತ್ತದೆ, ಅದು ಹುಳದಿಂದ ಹುಳಕ್ಕೆ ಹರಡುತ್ತದೆ ಎಂದು 1835ರಲ್ಲಿ ತೋರಿಸಿಕೊಟ್ಟವರು ಅಗೊಸ್ತೀನೊ ಬಾಸ್ಸಿ. ಅವರು ಲೋದಿ ಸೀಮೆಯವರು. ಸರೋವರದಿಂದ ಹೊರಬಿದ್ದ ಅದ್ದಾ ನದಿ ಲೋದಿಯ ಪಕ್ಕದಲ್ಲೇ ಹರಿಯುತ್ತದೆ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ಕಾಯಿಲೆ ಬರುತ್ತದೆ ಎಂದು ಲೂಯಿ ಪಾಶ್ಚರ್‌ಗಿಂತ ಮೊದಲೇ ತೋರಿಸಿದವರು ಅವರು. ನಾವು ಡಾಕ್ಟರ ಹತ್ತಿರ ಹೋಗಿ ‘ಇನ್ಫೆಕ್ಷನ್’ ಎಂದು ಕೇಳಿಸಿಕೊಂಡು ಬರುತ್ತೇವಲ್ಲ, ಆ ತಿಳಿವಳಿಕೆಯ ಬೇರಿನಲ್ಲಿ ಒಂದು ರೇಷ್ಮೆಹುಳವಿದೆ.

ಆಮೇಲೆ ಬಂದದ್ದು ಇನ್ನೂ ದೊಡ್ಡ ಕಷ್ಟ. 1850ರ ದಶಕದಿಂದ ಗಂಟುರೋಗ ಯೂರೋಪಿನ ಹುಳಗಳನ್ನು ಮನೆಮನೆಯಲ್ಲೂ ಸಾಯಿಸಿತು. ರೋಗವಿಲ್ಲದ ಮೊಟ್ಟೆ ಹುಡುಕಿಕೊಂಡು ಇಟಲಿಯ ವ್ಯಾಪಾರಿಗಳು ಹಡಗು ಹತ್ತಿ ಜಪಾನ್ ತನಕ ಹೋದರು. ಮೊಟ್ಟೆ ಅಂಟಿಸಿದ ರಟ್ಟಿನ ಹಾಳೆಗಳನ್ನು, ದಾರಿಯಲ್ಲಿ ಬಿಸಿಲಿಗೆ ಮರಿಯಾಗದ ಹಾಗೆ ಕಾಪಾಡಿಕೊಂಡು, ವಸಂತಕ್ಕೆ ಮುಂಚೆ ಊರು ಮುಟ್ಟಿಸಬೇಕು. ಹಡಗು ತಡವಾದರೆ ಹಳ್ಳಿಗಳಿಗೆ ಆ ವರ್ಷದ ದುಡ್ಡೇ ಇಲ್ಲ.

ಇದರಲ್ಲಿ ನಮ್ಮ ನಾಡಿನ ಎಳೆಯೂ ಇದೆ. 1912ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಅದರ ಹಿಂದೆಯೇ, 1913-14ರ ಹೊತ್ತಿಗೆ, ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ರೇಷ್ಮೆ ತಜ್ಞರನ್ನು ಕರೆಸಿಕೊಂಡಿತು. ಹೆಸರು ಅಮೇರಿಕಾದ್ದು, ಮನುಷ್ಯ ಇಟಲಿಯವರು. ಮೈಸೂರು ಹುಳವನ್ನು ಹೊರದೇಶದ ಹುಳದ ಜೊತೆ ಸೇರಿಸಿ ಮಿಶ್ರತಳಿ ಮಾಡುವ ಕೆಲಸ ಅವರ ಕಾಲದಲ್ಲಿ ಮೊದಲಾಯಿತು. ಚನ್ನಪಟ್ಟಣದ ರೇಷ್ಮೆ ಫಾರಂ ಆ ದಿನಗಳದ್ದು. ನಮ್ಮಾಕೆಯ ತವರಿನ ಹುಳದ ಮನೆಗೂ ಈ ಇಟಲಿಗೂ ಹೀಗೆ ದೂರದ ನೆಂಟಸ್ತಿಕೆ.

ಇವತ್ತು ಕೋಮೊದಲ್ಲಿ ಹುಳ ಸಾಕುವ ಮನೆಗಳಿಲ್ಲ. ಕಚ್ಚಾ ರೇಷ್ಮೆ ಬಹುಪಾಲು ಚೀನಾದಿಂದ ಬರುತ್ತದೆ. ಬಣ್ಣ, ಅಚ್ಚು, ವಿನ್ಯಾಸ ಮಾತ್ರ ಕೋಮೊದ್ದು. ಅದರಲ್ಲಿ ಅವರನ್ನು ಮೀರಿಸುವುದು ಕಷ್ಟ. ಒಂದು ಅಂಗಡಿಯಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳುವ ರೇಷ್ಮೆ ವಸ್ತ್ರದ ಬೆಲೆ ಕೇಳಿ ನಾನು ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿ ಬಾಗಿಲ ಕಡೆ ತಿರುಗಿದೆ. ಅಂಗಡಿಯ ಹೆಂಗಸು ಮಾತ್ರ ನಮ್ಮಾಕೆಯ ಮೈಸೂರು ಸಿಲ್ಕ್ ಸೀರೆಯ ಸೆರಗನ್ನು, ಕೇಳಿಕೊಂಡು, ಎರಡು ಬೆರಳಲ್ಲಿ ಹಿಡಿದು ನೋಡಿದಳು. ‘ಕ್ರೇಪ್’ ಎಂದಳು. ಬಟ್ಟೆ ಬಲ್ಲ ಕೈ. ಮೈಸೂರು ಕ್ರೇಪ್‌ನ ಗುಟ್ಟಿರುವುದೇ ನೂಲಿಗೆ ಹಾಕುವ ಬಿಗಿ ಹುರಿಯಲ್ಲಿ.

ಮಧ್ಯಾಹ್ನ ದೋಣಿ ಹತ್ತಿದೆವು. ಬೇಗ ಹೋಗುವ ದೋಣಿಯೂ ಇದೆ, ಊರೂರಿಗೂ ನಿಲ್ಲುತ್ತಾ ಹೋಗುವ ದೋಣಿಯೂ ಇದೆ. ನಾವು ಎರಡನೆಯದನ್ನು ಹಿಡಿದೆವು. ವರೆನ್ನಾ ಮುಟ್ಟಲು ಎರಡು ಗಂಟೆಗೂ ಮೇಲೆ ಹಿಡಿಯಿತು. ಎರಡೂ ಕಡೆ ಹಸಿರು ಬೆಟ್ಟ, ಬುಡದಲ್ಲಿ ಹಳದಿ, ಗುಲಾಬಿ ಬಣ್ಣದ ಮನೆಗಳು, ಉತ್ತರದ ತುದಿಯ ಶಿಖರಗಳಲ್ಲಿ ಇನ್ನೂ ಕರಗದ ಹಿಮ. ಇಲ್ಲಿ ಎರಡು ಗಾಳಿಗಳಿಗೆ ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಉತ್ತರದಿಂದ ಇಳಿಯುವುದು ತಿವಾನೊ, ಮಧ್ಯಾಹ್ನ ದಕ್ಷಿಣದಿಂದ ಬೀಸುವುದು ಬ್ರೇವಾ. ಎಂಜಿನ್ ಇಲ್ಲದ ಕಾಲದಲ್ಲಿ ದೋಣಿಯವರು ಇವೆರಡನ್ನೇ ನಂಬಿ ಹಾಯಿ ಬಿಚ್ಚುತ್ತಿದ್ದರು. ಈ ಕಾಲದಲ್ಲಿ ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಒಂಬತ್ತಕ್ಕೆ. ನಮ್ಮಾಕೆ ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ಮೂರು ದಿನವೂ ಚಡಪಡಿಸಿದಳು.

ವರೆನ್ನಾ ಪುಟ್ಟ ಊರು. ಅಲ್ಲಿಂದ ಆಚೆ ದಡದ ಬೆಲ್ಲಾಜೊ, ಮೆನಾಜೊಗಳಿಗೆ ದೋಣಿಗಳು ಬಸ್ಸಿನ ಹಾಗೆ ಓಡಾಡುತ್ತವೆ. ಎರಡನೆಯ ದಿನ ವಿಲ್ಲಾ ಕಾರ್ಲೊತ್ತಾ ಎಂಬ ಹೂದೋಟಕ್ಕೆ ಹೋದೆವು. ದಾರಿಯುದ್ದಕ್ಕೂ ಗೋಡೆಗಳ ಮೇಲೆ ಮಲ್ಲಿಗೆಯನ್ನೇ ಹೋಲುವ ಬಳ್ಳಿ, ಪರಿಮಳವೂ ಹಾಗೇ. ಊಟಕ್ಕೆ ಪೊಲೆಂತಾ ಸಿಕ್ಕಿತು. ಮುಸುಕಿನ ಜೋಳದ ಹಿಟ್ಟನ್ನು ನೀರಲ್ಲಿ ತಿರುವಿ ತಿರುವಿ ಬೇಯಿಸಿದ ಹಳದಿ ಮುದ್ದೆ. ಸೊಪ್ಪಿನ ಸಾರೊಂದು ಇರಲಿಲ್ಲ. ಇದ್ದಿದ್ದರೆ ಅಲ್ಲೇ ಉಳಿದುಬಿಡುತ್ತಿದ್ದೆ.

ಸಂಜೆ ಉಳಿದಿದ್ದ ಮನೆಗೆ ಹತ್ತಿ ಬರುವಾಗ ನಮ್ಮಾಕೆ ಕಲ್ಲುಹಾದಿಯಲ್ಲಿ ನಿಂತುಬಿಟ್ಟಳು. ಕಾಲ ಕೆಳಗೆ ನೇರಳೆ ಬಣ್ಣದ ಕಲೆಗಳು. ತಲೆ ಎತ್ತಿದರೆ ದೊಡ್ಡ ಮರ, ತುಂಬಾ ಹಣ್ಣು. ‘ರೀ, ಇದು ನಮ್ಮ ಹಿಪ್ಪುನೇರಳೆ!’ ನಮ್ಮ ಕಡೆ ಅದನ್ನು ಕತ್ತರಿಸಿ ಗಿಡವಾಗಿ ಬೆಳೆಸುತ್ತಾರೆ. ಅಲ್ಲಿ ಮರವಾಗಲು ಬಿಟ್ಟಿದ್ದರು. ಅವಳು ಒಂದು ಎಲೆ ಕಿತ್ತು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುವಾಗ ಮನೆಯ ಒಡತಿ ಬಾಗಿಲಿಗೆ ಬಂದರು. ಎಂಬತ್ತು ದಾಟಿದ ಹಿರಿಯರು. ಇಂಗ್ಲಿಷ್ ಬಾರದು. ಕನ್ನಡದ ಮಾತು ದೂರವೇ ಉಳಿಯಿತು. ಮಗಳು ತಿಂಡಿ ತರಲು ಅಂಗಡಿಗೆ ಹೋಗಿದ್ದಳು. ಉಳಿದವನು ಮೊಮ್ಮಗ ಒಬ್ಬನೇ.

ಆ ಅಜ್ಜಿ ಏನೋ ಕೇಳಿದರು. ಇವನು ಉತ್ತರಿಸಿದ. ಅವರು ಕೈ ತಟ್ಟಿ ಒಳಗೆ ಹೋಗಿ ಒಂದು ಗಾಜಿನ ಡಬ್ಬಿ ತಂದರು. ಅದರಲ್ಲಿ ಏಳೆಂಟು ಹಳೆಯ ರೇಷ್ಮೆಗೂಡು. ಅವರ ತಾಯಿಯ ಕಾಲದವು. ನಮ್ಮಾಕೆ ಒಂದನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿನ ಒಣ ಹುಳ ಗಿಲಕಿಯ ಹಾಗೆ ಸದ್ದು ಮಾಡಿತು. ಅಜ್ಜಿ ನಕ್ಕುಬಿಟ್ಟರು. ಹಾಗೆ ಅಲ್ಲಾಡಿಸಿ ನೋಡುವುದು ಹುಳದ ಮನೆಯವರಿಗೆ ಮಾತ್ರ ಬರುವ ಅಭ್ಯಾಸ.

ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತರು. ನಡುವೆ ಹುಡುಗ.

‘ತಾತ, ಬೊತ್ಸೊಲೊ ಅಂದ್ರೆ ಕನ್ನಡದಲ್ಲಿ ಏನು?’

‘ಗೂಡು ಕಣೋ. ರೇಷ್ಮೆಗೂಡು.’

‘ಜೆಲ್ಸೊ?’

‘ಹಿಪ್ಪುನೇರಳೆ.’

‘ಹಿಪ್... ಹಿಪ್ಪುನೇರಳೆ.’ ಎರಡು ಸಲ ಹೇಳಿಕೊಂಡ. ಆಮೇಲೆ ಅಜ್ಜಿಯ ಕಡೆ ತಿರುಗಿ ಒಂದು ಪೂರ್ತಿ ವಾಕ್ಯ ಹೇಳಿದ: ‘ಅಜ್ಜೀ, ಇವರು ಚಿಕ್ಕವರಿದ್ದಾಗ ಅಡುಗೆಮನೇಲೇ ಹುಳ ಸಾಕ್ತಿದ್ರಂತೆ. ಮನೇಲಿ ಬೆಚ್ಚಗಿರೋದು ಅಲ್ಲೇ ಅಂತೆ. ಇವರು ಮಲಗೋಕೆ ಬೇರೆ ಕಡೆ ಹೋಗ್ಬೇಕಿತ್ತಂತೆ.’

‘ನಮ್ಮನೇಲೂ ಹಂಗೇ ಅಂತ ಹೇಳಪ್ಪ,’ ಎಂದಳು ನಮ್ಮಾಕೆ. ‘ತಟ್ಟೆ ಇಟ್ಟು ಇಟ್ಟು ನಮಗೆ ಕಾಲು ಚಾಚೋಕೆ ಜಾಗ ಇರ್ತಿರಲಿಲ್ಲ.’

ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಅಲ್ಲಾಡದೆ ನಿಂತು ಚರ್ಮ ಕಳಚುತ್ತದೆ. ನಮ್ಮ ರೈತರು ಅದಕ್ಕೆ ‘ಜ್ವರ’ ಎನ್ನುತ್ತಾರೆ, ಒಂದನೇ ಜ್ವರ, ಎರಡನೇ ಜ್ವರ ಎಂದು. ಇಟಲಿಯವರು ‘ನಿದ್ದೆ’ ಎನ್ನುತ್ತಾರೆ. ಯಾರಾದರೂ ಗಾಢ ನಿದ್ದೆ ಹೊಡೆಯುತ್ತಿದ್ದರೆ ಹುಳದ ದೊಡ್ಡ ನಿದ್ದೆಯ ಹೆಸರು ಹಿಡಿದು ಆಡಿಕೊಳ್ಳುವ ಮಾತು ಅವರಲ್ಲಿ ಇವತ್ತಿಗೂ ಉಂಟು. ಹುಡುಗನಿಗೆ ಇದು ಬಹಳ ಹಿಡಿಸಿತು. ‘ಅವರ ಹುಳ ನಿದ್ದೆ ಮಾಡುತ್ತೆ, ನಮ್ಮ ಹುಳಕ್ಕೆ ಜ್ವರ ಬರುತ್ತೆ!’ ಎಂದು ಎರಡೂ ಭಾಷೆಯಲ್ಲಿ ಕೂಗಿದ. ಗಮನಿಸಿದಿರಾ? ‘ನಮ್ಮ ಹುಳ’ ಎಂದ. ಗೂಡು ಕಟ್ಟಲು ನಾವು ಬಿದಿರಿನ ಚಂದ್ರಿಕೆಗೆ ಹುಳ ಬಿಡುತ್ತೇವೆ. ಅವರು ಒಣ ಕಡ್ಡಿಗಳ ಕಟ್ಟು ನಿಲ್ಲಿಸಿ ಅದಕ್ಕೆ ‘ಬೋಸ್ಕೊ’, ಅಂದರೆ ಕಾಡು, ಎಂದು ಹೆಸರಿಟ್ಟಿದ್ದರು. ಹುಳ ಕಾಡಿಗೆ ಹೋಯಿತು ಎಂದರೆ ಆ ವರ್ಷದ ಕಷ್ಟ ಮುಗಿಯಿತು.

ಅಜ್ಜಿಯ ತಾಯಿ ಹನ್ನೊಂದನೇ ವಯಸ್ಸಿಗೇ ‘ಫಿಲಾಂದಾ’ಕ್ಕೆ, ಅಂದರೆ ನೂಲು ಬಿಚ್ಚುವ ಕಾರ್ಖಾನೆಗೆ ಸೇರಿದ್ದರಂತೆ. ದಿನವಿಡೀ ಕುದಿನೀರಿನ ಬಾಣಲೆಯ ಮುಂದೆ. ಅಜ್ಜಿ ತಮ್ಮ ಬೆರಳುಗಳನ್ನು ಮುದುಡಿಸಿ ತೋರಿಸಿದರು, ತಾಯಿಯ ಕೈ ಹೀಗಿತ್ತು ಎಂದು. ಹುಡುಗ ಭಾಷಾಂತರ ಮಾಡಬೇಕಾಗಲಿಲ್ಲ. ಆ ಕೈಗಳನ್ನು ನಾನು ಕೌಂಟರಿನ ಆಚೆಯಿಂದ ಎಂಟು ವರ್ಷ ನೋಡಿದ್ದೆ.

ಕೊನೆಗೆ ಅಜ್ಜಿ ಕಣ್ಣು ಮುಚ್ಚಿ, ಕಿವಿಯ ಹತ್ತಿರ ಬೆರಳು ಆಡಿಸುತ್ತಾ ಏನೋ ಹೇಳಿದರು. ಹುಡುಗ ಬಾಯಿ ತೆರೆಯುವ ಮೊದಲೇ ನಮ್ಮಾಕೆ ಹೇಳಿದಳು: ‘ರಾತ್ರಿ ಹೊತ್ತು ಹುಳ ಸೊಪ್ಪು ತಿನ್ನೋ ಸದ್ದು. ಮಳೆ ಬಂದ ಹಾಗೆ.’

ಹುಡುಗ ಬೆರಗಾಗಿ ನೋಡಿದ. ‘ಅಜ್ಜೀ, ನಿಂಗೆ ಇಟಾಲಿಯನ್ ಬರುತ್ತಾ? ಅವರು ಅದೇ ಹೇಳಿದ್ರು! ಪಿಯೊಜ್ಜಾ, ಮಳೆ ಅಂತ!’

ಆ ರಾತ್ರಿ ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಲೇ ಇಲ್ಲ. ಹುಳಕ್ಕೆ ಹಲ್ಲಿದೆಯಾ, ಒಂದು ಗೂಡಿನಲ್ಲಿ ಎಷ್ಟು ಉದ್ದ ದಾರ ಇರುತ್ತೆ, ರಾಮನಗರಕ್ಕೆ ಹೋದರೆ ನೋಡಬಹುದಾ. ಒಳ್ಳೆಯ ತಳಿಯ ಗೂಡಿನಲ್ಲಿ ಒಂದೇ ಎಳೆ ಒಂದು ಕಿಲೋಮೀಟರ್ ತನಕ ಬರುತ್ತದೆ ಎಂದಾಗ ನಂಬಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ತಾತ, ಇಲ್ಲಿ ಈಗ ಯಾರಿಗೂ ಹುಳ ಸಾಕೋದು ಗೊತ್ತಿಲ್ಲವಂತೆ. ನಮ್ಮೂರಲ್ಲೂ ಹಂಗೇ ಆಗುತ್ತಾ?’

‘ಕಲಿಯೋರು ಇದ್ರೆ ಆಗಲ್ಲ ಕಣೋ,’ ಎಂದೆ. ಅದು ಹುಳದ ಬಗ್ಗೆ ಕೊಟ್ಟ ಉತ್ತರ. ನಮ್ಮಾಕೆ ಕತ್ತಲಲ್ಲಿ ನನ್ನ ಕೈ ಒತ್ತಿದಳು.

ಈಗ ಹೊರಡುವ ಆಸೆಯಿರುವ ನನ್ನ ವಯಸ್ಸಿನವರಿಗೆ ನಾಲ್ಕು ಮಾತು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ವಯಸ್ಸಾದವರು ಸ್ವಲ್ಪ ಹೆಚ್ಚೇ ಮಾಡಿಸಿ. ಮೇ ಕೊನೆಯಲ್ಲೂ ಸಂಜೆ ತಣ್ಣಗಿರುತ್ತದೆ, ಸ್ವೆಟರ್ ಮರೆಯಬೇಡಿ. ಊರುಗಳೆಲ್ಲ ಮೆಟ್ಟಿಲು ಮತ್ತು ಉರುಟು ಕಲ್ಲಿನ ದಾರಿ, ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ದಂಡ. ಮಿಲಾನ್‌ನಿಂದ ನೇರ ವರೆನ್ನಾಗೆ ಹೋಗುವವರು ಎಡಗಡೆಯ ಕಿಟಕಿ ಹಿಡಿಯಿರಿ, ಸರೋವರ ಆ ಕಡೆ. ‘ಲಾತ್ತೆ’ ಎಂದು ಕೇಳಿದರೆ ಬರೀ ಹಾಲು ಬರುತ್ತದೆ. ‘ಕಾಫೆ’ ಎಂದರೆ ನಮ್ಮ ಡಿಕಾಕ್ಷನ್ನಿನಂಥದು ಎರಡು ಗುಟುಕು. ಹಾಲು ಸೇರಿದ್ದು ಬೇಕಾದರೆ ‘ಕಾಫೆಲಾತ್ತೆ’ ಎನ್ನಿ. ನಿಂತು ಕುಡಿದರೆ ಒಂದು ದರ, ಮೇಜಿಗೆ ಕೂತರೆ ಸಾಮಾನ್ಯವಾಗಿ ಇನ್ನೊಂದು. ನನಗೆ ಮಂಡಿ ನೋವು, ಆದರೂ ನಿಂತೇ ಕುಡಿದೆ.

ಈ ವಾರದ ಕೆಲಸ

ಮಕ್ಕಳೇ, ನಿಮ್ಮ ಅಜ್ಜ ಅಥವಾ ಅಜ್ಜಿ ಚಿಕ್ಕಂದಿನಲ್ಲಿ ಯಾವ ಕೆಲಸದ ನಡುವೆ ಬೆಳೆದರು ಎಂದು ಕೇಳಿ. ಹೊಲ, ಮಗ್ಗ, ಅಡಿಕೆ ತೋಟ, ಮೀನುದೋಣಿ, ಕುಲುಮೆ, ಅಂಗಡಿ, ಯಾವುದಾದರೂ ಸರಿ. ಆ ಕೆಲಸಕ್ಕೆ ಮಾತ್ರ ಬಳಸುವ ಹತ್ತು ಮಾತುಗಳನ್ನು ಅವರಿಂದ ಹೇಳಿಸಿಕೊಂಡು, ಅರ್ಥದ ಸಮೇತ ಬರೆದಿಡಿ. ‘ಹುಳಕ್ಕೆ ಜ್ವರ’ ಎಂಬಂಥ ಮಾತು ಸಿಕ್ಕರೆ ಇನ್ನೂ ಒಳ್ಳೆಯದು. ಅಜ್ಜ ಅಜ್ಜಿ ದೂರದಲ್ಲಿದ್ದರೆ ಫೋನ್ ಮಾಡಿ. ‘ಊಟ ಆಯ್ತಾ’ ಆದ ಮೇಲೆ ಕೇಳಲು ನಿಮಗೆ ಒಂದು ಪ್ರಶ್ನೆ ಇರುತ್ತದೆ.

ನಮ್ಮ ಹುಡುಗನ ಪಟ್ಟಿಯಲ್ಲಿ ಈಗ ಹದಿನಾಲ್ಕು ಮಾತಿವೆ. ಹೋದ ಭಾನುವಾರ ಫೋನ್ ಮಾಡಿ ಹದಿನೈದನೆಯದನ್ನು ಕೇಳಿದ.